ಮೂಳೆಯ ಕೋಶ ನರಕೋಶವಾದೀತೇ?

ಮಕ್ಕಳೇ, ಆಟವಾಡುವಾಗ ಬಿದ್ದು ಮೊಣಕಾಲು ತರಚಿದರೆ ಕೆಲವೇ ದಿನಗಳಲ್ಲಿ ಅಲ್ಲಿ ಹೊಸ ಚರ್ಮ ಬರುತ್ತದೆ. ಮುರಿದ ಮೂಳೆಯೂ ಕೂಡಿಕೊಳ್ಳುತ್ತದೆ. ಆದರೆ ಪಾರ್ಶ್ವವಾಯು ಬಡಿದು ಮಿದುಳಿನ ನರಕೋಶಗಳು ಸತ್ತರೆ, ಅವುಗಳ ಜಾಗ ತುಂಬಲು ಹೊಸವು ಹಾಗೆ ಹುಟ್ಟಿಬರುವುದಿಲ್ಲ. ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲೂ ಅಷ್ಟೇ. ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಹೋಗುತ್ತವೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಊರಿನ ಹಿರಿಯರು ಸಿಕ್ಕಾಗ ಆಗಾಗ ಕೇಳುವುದುಂಟು: “ಮೇಷ್ಟ್ರೇ, ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಮಿದುಳಿಗೆ ಹೊಸ ನರ ಮಾಡ್ತಾರಂತೆ, ಹೌದಾ?” ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ನಮ್ಮ ಮೂಳೆಗಳ ಒಳಗೆ ಮೆತ್ತಗಿರುವ ಮಜ್ಜೆ ರಕ್ತದ ಕಾರ್ಖಾನೆ. ಅಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ತಯಾರಾಗುತ್ತವೆ. ನೀವು ಈ ಎರಡು ಸಾಲು ಓದುವಷ್ಟರಲ್ಲಿ ಒಂದು ಕೋಟಿ! ಅದೇ ಮಜ್ಜೆಯಲ್ಲಿ ಇನ್ನೊಂದು ಬಗೆಯ ಕೋಶಗಳೂ ಇವೆ. ಅವನ್ನು ರಷ್ಯಾದ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960 ಮತ್ತು 70ರ ದಶಕಗಳಲ್ಲಿ ಗುರುತಿಸಿದರು. ಗಾಜಿನ ತಟ್ಟೆಯ ತಳಕ್ಕೆ ಅಂಟಿಕೊಂಡು ಬೆಳೆಯುವ ಈ ಕೋಶಗಳು ಮೂಳೆ, ಮೃದ್ವಸ್ಥಿ ಮತ್ತು ಕೊಬ್ಬಿನ ಕೋಶಗಳಾಗಿ ಬದಲಾಗಬಲ್ಲವು. ಹಾಗಾದರೆ ನರಕೋಶವೂ ಆಗಬಹುದಲ್ಲವೇ?

2000ನೇ ಇಸವಿಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಇರಾ ಬ್ಲ್ಯಾಕ್ ಅವರ ತಂಡ ಇದನ್ನೇ ಪರೀಕ್ಷಿಸಿತು. ಇಲಿಯ ಮತ್ತು ಮನುಷ್ಯರ ಮಜ್ಜೆಯ ಕೋಶಗಳಿಗೆ ಕೆಲವು ರಾಸಾಯನಿಕಗಳನ್ನು ಹಾಕಿದಾಗ, ಚಪ್ಪಟೆಯಾಗಿದ್ದ ಕೋಶಗಳು ಕೆಲವೇ ಗಂಟೆಗಳಲ್ಲಿ ಉದ್ದನೆಯ ಬಾಲಗಳನ್ನು ಚಾಚಿದಂತೆ ಕಂಡವು. ಥೇಟ್ ನರಕೋಶಗಳ ಹಾಗೆಯೇ! ಸುಮಾರು ಶೇ 80ರಷ್ಟು ಕೋಶಗಳಲ್ಲಿ ನರಕೋಶದ ಗುರುತಿನ ಪ್ರೋಟೀನ್‌ಗಳೂ ಸಿಕ್ಕವು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಇದರ ಬೆನ್ನು ಹತ್ತಿದವು.

ಆದರೆ 2004ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ಈ ಬದಲಾವಣೆಯನ್ನು ಹಂತಹಂತವಾಗಿ ಚಿತ್ರೀಕರಿಸಿ ನೋಡಿದರು. ಹೊಸ ಬಾಲ ಬೆಳೆದಿರಲೇ ಇಲ್ಲ. ಕೋಶ ಕುಗ್ಗಿ ಒಳಗೆ ಸರಿದಾಗ, ತಟ್ಟೆಗೆ ಅಂಟಿಕೊಂಡಿದ್ದ ಅಂಚುಗಳು ಎಳೆಯಂತೆ ಉಳಿದಿದ್ದವು. ಅತಿಯಾದ ಉಪ್ಪು ಅಥವಾ ಮಾರ್ಜಕ ಹಾಕಿದಾಗಲೂ ಕೋಶಗಳು ಇದೇ ರೂಪ ತಾಳಿದವು. ಅದು ಪೆಟ್ಟು ತಿಂದ ಕೋಶದ ಮುದುಡುವಿಕೆಯಾಗಿತ್ತು.

ಹಗಲುವೇಷದವರು ಪೊಲೀಸ್ ವೇಷ ಹಾಕಿ ಬಂದರೆ ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುತ್ತಾರೆ. ಆದರೆ ಆ ವೇಷಧಾರಿ ಕಳ್ಳನನ್ನು ಠಾಣೆಗೆ ಹಾಕಲಾರ. ನರಕೋಶದ ಕೆಲಸ ಒಂದು ಕಡೆಯಿಂದ ಸಂದೇಶ ಪಡೆದು, ಅದನ್ನು ವಿದ್ಯುತ್ ಮಿಡಿತವಾಗಿ ಸಾಗಿಸಿ, ಮುಂದಿನ ಕೋಶಕ್ಕೆ ದಾಟಿಸುವುದು. ಅದನ್ನು ಮಾಡಿದರೆ ಮಾತ್ರ ಅದು ನರಕೋಶ.

ಹಾಗೆಂದು ಮಜ್ಜೆಯ ಕೋಶಗಳು ನಿಷ್ಪ್ರಯೋಜಕವಲ್ಲ. ನೊಂದ ನರಕೋಶಗಳಿಗೆ ಆಸರೆಯಾಗುವ ಕೆಲವು ವಸ್ತುಗಳನ್ನು ಅವು ಸ್ರವಿಸುತ್ತವೆ. ಹೆರುವವಳು ತಾಯಿ, ಬಾಣಂತನ ಮಾಡುವವಳು ಅಜ್ಜಿ. ಈ ಕೋಶಗಳು ಅಜ್ಜಿಯ ಕೆಲಸ ಮಾಡಬಲ್ಲವೇ ಎಂಬ ಪರೀಕ್ಷೆಗಳು ನಡೆದಿವೆ.

ನಿಜವಾದ ನರಕೋಶ ತಯಾರಿಸುವ ದಾರಿ ಬೇರೆ ಕಡೆ ತೆರೆಯಿತು. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್‌ಗಳನ್ನು ಸೇರಿಸಿ, ಅದನ್ನು ಯಾವ ಕೋಶ ಬೇಕಾದರೂ ಆಗಬಲ್ಲ ಎಳೆಯ ಸ್ಥಿತಿಗೆ ಮರಳಿಸಿದರು. ಮರುವರ್ಷ ಮನುಷ್ಯರ ಕೋಶದಲ್ಲೂ ಇದನ್ನು ಸಾಧಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಇಂಥ ಕೋಶಗಳಿಂದ ಬೆಳೆಸಿದ ಎಳೆಯ ನರಕೋಶಗಳನ್ನು ಕ್ಯೋಟೊದ ವೈದ್ಯರು 2018ರಿಂದ ಏಳು ಮಂದಿ ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಸೇರಿಸಿದರು. ಎರಡು ವರ್ಷ ಗಮನಿಸಿ, 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಭೀರ ತೊಂದರೆ ಕಾಣಲಿಲ್ಲ, ಕೋಶಗಳು ಡೋಪಮೈನ್ ತಯಾರಿಸುತ್ತಿದ್ದವು.

ಹಿರಿಯರೇ, ಈಗ ನಿಮಗೊಂದು ಮಾತು. “ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಪಾರ್ಶ್ವವಾಯು ಮಾಯ” ಎಂಬ ಜಾಹೀರಾತು ಕಂಡರೆ ಹೊಲ ಮಾರಲು ಹೊರಡಬೇಡಿ. ರಕ್ತದ ಕಾಯಿಲೆಗಳಿಗೆ ಮಜ್ಜೆಯ ಕಸಿ ಒಪ್ಪಿತ ಚಿಕಿತ್ಸೆ. ನರರೋಗಗಳಿಗೆ ಮಜ್ಜೆಯ ಕೋಶ ಕೊಡುವುದು ಇನ್ನೂ ಪ್ರಯೋಗ ಎಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಪಡೆಯುವಂತಿಲ್ಲ. ಆದ್ದರಿಂದ ಎರಡು ಪ್ರಶ್ನೆ ಕೇಳಿ: ಈ ಪ್ರಯೋಗ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿದೆಯೇ? ಇದಕ್ಕೆ ಹಣವೇಕೆ?

ಮಕ್ಕಳೇ, ಆ ನೋಂದಣಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಅಜ್ಜ, ಅಜ್ಜಿಯರ ಪಕ್ಕ ಕುಳಿತು ಹುಡುಕಿಕೊಡಿ. ಅಷ್ಟರವರೆಗೆ ವೈದ್ಯರು ಹೇಳಿದ ಮಾತ್ರೆ, ವ್ಯಾಯಾಮ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.