ಹಿತ್ತಲಲ್ಲಿ ಸಿಕ್ಕ ಕಬ್ಬಿಣ



ಕಳೆದ ಆಷಾಢದಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ತೆಂಗಿನ ಸಸಿ ನೆಡಲೆಂದು ಗುಂಡಿ ತೋಡಿಸುತ್ತಿದ್ದೆ. ಎರಡು ಅಡಿ ಆಳಕ್ಕೆ ಇಳಿಯುವಷ್ಟರಲ್ಲಿ ಹಾರೆಗೆ ಏನೋ ಠಣ್ಣೆಂದು ತಾಗಿತು. ತೆಗೆದು ನೋಡಿದರೆ ಗೇಣುದ್ದದ ಒಂದು ಲೋಹದ ತುಂಡು. ಒಂದು ತುದಿ ದಪ್ಪ, ಇನ್ನೊಂದು ಸಪೂರ. ಮೈತುಂಬ ತುಕ್ಕಿನ ಹಕ್ಕಳೆ. “ನಿಧಿಯ ಪೆಟ್ಟಿಗೆಯ ಅಗುಳಿಯೇ ಇರಬೇಕು, ಮೇಷ್ಟ್ರೇ” ಎಂದ, ಗುಂಡಿ ತೋಡುತ್ತಿದ್ದವನು. ನೆರೆಮನೆಯವರು ಅದನ್ನು ಯಾವನೋ ಪಾಳೆಯಗಾರನ ಆಯುಧವೆಂದರು. ನನ್ನ ಮೊಮ್ಮಗಳು ಮಾತ್ರ, “ತಾತ, ಇದು ಏನು ಅಂತ ಗೊತ್ತುಮಾಡೋದು ಹೇಗೆ?” ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರವೇ ಇಂದಿನ ಈ ಭಾಷಣ.

ಮೊದಲನೆಯ ಸಾಕ್ಷಿ ಬಣ್ಣ. ಮಣ್ಣು ಒಂದೊಂದು ಲೋಹವನ್ನೂ ಒಂದೊಂದು ರೀತಿಯಲ್ಲಿ ತಿನ್ನುತ್ತದೆ. ಚಿನ್ನ ಬಹುಮಟ್ಟಿಗೆ ಹೋದಂತೆಯೇ ಹಿಂದಿರುಗುತ್ತದೆ. ಬೆಳ್ಳಿ ಕಪ್ಪಿಡುತ್ತದೆ. ತಾಮ್ರಕ್ಕೆ ಹಸಿರು ಕಿಲುಬು; ತಾಮ್ರವೇ ಮೂಲವಾದ ಹಿತ್ತಾಳೆಗೂ ಕಂಚಿಗೂ ಅದೇ. ಸೀಸದ ಮೇಲೆ ಬೂದುಬಿಳುಪಿನ ಪೊರೆ ಕಟ್ಟುತ್ತದೆ. ಕಬ್ಬಿಣವಾದರೋ ಕೆಂಗಂದಾಗಿ ಉಬ್ಬಿ, ಪದರ ಪದರವಾಗಿ ಬಿರಿಯುತ್ತದೆ. ನಮ್ಮ ತುಂಡಿಗೆ ಅಯಸ್ಕಾಂತವೂ ಕಚ್ಚಿಕೊಂಡಿತು.

ಎರಡನೆಯದು ತೂಕ. ವಸ್ತುವನ್ನು ಹಾಗೆಯೇ ಒಮ್ಮೆ, ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಬೇಕು. ನೀರಿನಲ್ಲಿ ಎಷ್ಟು ತೂಕ ಕಡಮೆಯಾಯಿತೋ ಅದರಿಂದ ಮೊದಲಿನ ತೂಕವನ್ನು ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. ಚಿನ್ನಕ್ಕೆ ಇದು 19.3, ಸೀಸಕ್ಕೆ 11.3, ಬೆಳ್ಳಿಗೆ 10.5, ತಾಮ್ರಕ್ಕೆ 8.9, ಕಬ್ಬಿಣಕ್ಕೆ ಸುಮಾರು 7.8. ನಮ್ಮ ತುಂಡು 390 ಗ್ರಾಂ ತೂಗಿತು, ನೀರಿನಲ್ಲಿ 338. ಲೆಕ್ಕ ಹಾಕಿದರೆ 7.5. ತುಕ್ಕು ಕಬ್ಬಿಣಕ್ಕಿಂತ ಹಗುರವಾದ್ದರಿಂದ ಅಷ್ಟು ಇಳಿತ ಸಹಜವೇ.

ಆದರೆ ಇಷ್ಟರಿಂದ ತಿಳಿದದ್ದು ವಸ್ತು ಯಾವುದರಿಂದ ಆದದ್ದು ಎಂಬುದು ಮಾತ್ರ. ವಸ್ತು ಏನು ಎಂಬುದಲ್ಲ. ಕಬ್ಬಿಣವೆಂದರೆ ಗುಳವೂ ಹೌದು, ಕುಡುಗೋಲೂ ಹೌದು. ಕೊನೆಗೆ ಅದನ್ನು ನಮ್ಮ ಬೀದಿಯ ತುದಿಯಲ್ಲಿರುವ ವೃದ್ಧ ಆಚಾರರ ಬಳಿಗೆ ಒಯ್ದೆ. ಅವರು ತುಕ್ಕನ್ನು ಉಜ್ಜಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ, ಒಂದು ಮಗ್ಗುಲು ಮಾತ್ರ ಸವೆದಿರುವುದನ್ನು ಬೆರಳಿನಿಂದ ತೋರಿಸಿದರು. “ಏನು ಮೇಷ್ಟ್ರೇ, ಗಾಡಿಯ ಕಡಾಣಿ ಗೊತ್ತಾಗಲಿಲ್ಲವೇ? ಗುಂಬ ಉಜ್ಜಿ ಉಜ್ಜಿ ಈ ಕಡೆ ಸವೆದಿದೆ” ಎಂದು ನಕ್ಕರು. ಗಾಡಿಯ ಚಕ್ರ ಜಾರಿ ಹೋಗದಂತೆ ಅಚ್ಚಿನ ತುದಿಯಲ್ಲಿ ತೂರಿಸುವ ಕಬ್ಬಿಣದ ಕೀಲು ಅದು. ಕಡೆಗೀಲು ಎಂದು ನಾವು ಪುಸ್ತಕದಲ್ಲಿ ಓದುವುದು ಇದನ್ನೇ. ಮನೆಗೆ ಬಂದು ಹಳೆಯ ಕ್ರಯಪತ್ರವನ್ನು ತೆಗೆದು ನೋಡಿದೆ. ಚೆಕ್ಕುಬಂದಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪೂರ್ವಕ್ಕೆ ಗಾಡಿದಾರಿ.

ಮೂವತ್ತು ವರ್ಷ ತರಗತಿಯಲ್ಲಿ ಕಡೆಗೀಲಿನ ಅರ್ಥ ಹೇಳಿದವನು ನಾನು. ಅದೇ ಕೈಗೆ ಬಂದಾಗ ಗುರುತಿಸಲಾರದೆ ಹೋದೆ. ನನ್ನಲ್ಲಿ ಪದವಿತ್ತು, ಆಚಾರರಲ್ಲಿ ವಸ್ತುವಿತ್ತು.

ಈ ಬಗೆಯ ಗುರುತಿಸುವಿಕೆಗೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವೊಂದಿದೆ. ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿದ್ದು 1763ರಲ್ಲಿ ಹೈದರಾಲಿಯ ವಶವಾಯಿತು. 2002ರಲ್ಲಿ ಅಲ್ಲಿ ತುಕ್ಕು ತಿಂದ ಕಬ್ಬಿಣದ ಕೊಳವೆಗಳು ದೊರೆತವು. ಅವು ರಾಕೆಟ್ಟುಗಳೆಂಬುದು ಸ್ಪಷ್ಟವಾಗಲು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ತ್ವ ಇಲಾಖೆಯವರು ಅಲ್ಲಿನ ಪಾಳುಬಾವಿಯೊಂದನ್ನು ಅಗೆದಾಗ ಅಂತಹ ಸಾವಿರಕ್ಕೂ ಮಿಕ್ಕ ಕೊಳವೆಗಳು ಹೊರಬಂದವು. ಒಂದೊಂದೂ ಸುಮಾರು 23ರಿಂದ 26 ಸೆಂಟಿಮೀಟರು ಉದ್ದ. ಬಾವಿಯ ಮಣ್ಣೇ ಮದ್ದಿನ ವಾಸನೆ ಬೀರುತ್ತಿದ್ದುದು ಅಗೆದವರಿಗೆ ಸುಳಿವಾಯಿತು. ಆಕಾರ, ವಾಸನೆ, ಊರಿನ ಇತಿಹಾಸ, ಇವೆಲ್ಲ ಕೂಡಿದಾಗ ತುಕ್ಕಿನ ರಾಶಿ ಟಿಪ್ಪುವಿನ ಕಾಲದ ಆಯುಧವಾಯಿತು.

ಇಂತಹ ಕೊಳವೆಗೆ ಬಿದಿರಿನ ಗಳುವನ್ನೋ ಕತ್ತಿಯ ಅಲಗನ್ನೋ ಕಟ್ಟಿ ಹಾರಿಸುತ್ತಿದ್ದರು. ಕಾಗದದ ಹೊದಿಕೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳುವುದರಿಂದ ಅವು ಹೆಚ್ಚು ದೂರ ಹೋಗುತ್ತಿದ್ದವು. 1780ರ ಪೊಳ್ಳಿಲೂರು ಯುದ್ಧದಲ್ಲಿ ಆಂಗ್ಲರು ಅವುಗಳ ರುಚಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದು ಇವುಗಳ ಪ್ರೇರಣೆಯಿಂದ. ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕಥೆಯನ್ನು ವಿವರಿಸಿದ್ದಾರೆ. ಆ ಬಾವಿಯ ಕೊಳವೆಗಳು ಗುಜರಿಗೆ ಹೋಗಿದ್ದರೆ, ಇಷ್ಟೆಲ್ಲಕ್ಕೆ ಕೈಯಲ್ಲಿ ಮುಟ್ಟಿ ನೋಡಬಹುದಾದ ಸಾಕ್ಷ್ಯ ನಮ್ಮ ಮಣ್ಣಿನಲ್ಲಿಯೇ ಕಾಣೆಯಾಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪೆಟ್ಲುಪ್ಪು, ಇದ್ದಿಲು, ಗಂಧಕಗಳು ಬೆರೆತ ಮದ್ದು ಶತಮಾನ ಕಳೆದರೂ ಒಣಗಿದಾಗ ಹೊತ್ತಿಕೊಳ್ಳಬಲ್ಲದು. ಕೊಳವೆಯಂತಹ, ಗುಂಡಿನಂತಹ ವಸ್ತು ಸಿಕ್ಕರೆ ಸುತ್ತಿಗೆಯಿಂದ ಬಡಿಯಬಾರದು, ಬೆಂಕಿಗೆ ಒಡ್ಡಬಾರದು. ಮಕ್ಕಳನ್ನು ದೂರವಿರಿಸಿ, ಇದ್ದಲ್ಲಿಯೇ ಬಿಟ್ಟು ಪೊಲೀಸರಿಗೆ ತಿಳಿಸಬೇಕು. ಬೇರೆ ಯಾವುದೇ ವಸ್ತುವನ್ನೂ ಹುಣಿಸೆಹಣ್ಣು ಹಾಕಿ ಬೆಳಗಬಾರದು. ಅಕ್ಷರವೋ ಸವೆತವೋ ಇದ್ದರೆ ಅದೂ ತೊಳೆದುಹೋಗುತ್ತದೆ. ಎಷ್ಟು ಆಳದಲ್ಲಿ ಸಿಕ್ಕಿತು, ಜೊತೆಗೆ ಏನಿತ್ತು ಎಂಬುದನ್ನು ಅಂದೇ ಬರೆದಿಡಬೇಕು. ನಾಣ್ಯ, ತಾಮ್ರಪಟ, ಒಡವೆ, ವಿಗ್ರಹಗಳಾದರೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕರ್ತವ್ಯ. ನೂರು ವರ್ಷ ದಾಟಿದ ಇಂತಹ ವಸ್ತುಗಳು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೂ ಬರುತ್ತವೆ.

ನಮ್ಮ ಆಚಾರರಿಗೆ ಈಗ ಎಂಬತ್ತು ದಾಟಿದೆ. ಅವರ ಮಕ್ಕಳು ಯಾರೂ ಗಾಡಿ ಕಟ್ಟುವುದಿಲ್ಲ. ಇನ್ನು ಹತ್ತು ವರ್ಷ ಕಳೆದು ಅದೇ ಕಡಾಣಿ ಸಿಕ್ಕಿದ್ದರೆ ಅದನ್ನು ನಾನು ಯಾರ ಬಳಿಗೆ ಒಯ್ಯುತ್ತಿದ್ದೆ? ಮಣ್ಣಿನಲ್ಲಿ ಹೂತ ಕಬ್ಬಿಣ ಇನ್ನೂ ಕೆಲವು ಕಾಲ ಇದ್ದೀತು. ಅದರ ಹೆಸರು ಬಲ್ಲವರು ಅಷ್ಟು ಕಾಲ ಇರಲಾರರು. ಆದ್ದರಿಂದ ಈಗ ವಾರಕ್ಕೊಮ್ಮೆ ಮೊಮ್ಮಗಳೊಡನೆ ಅವರ ಜಗುಲಿಗೆ ಹೋಗುತ್ತೇನೆ. ಅವರು ಗಾಡಿಯ ಒಂದೊಂದು ಭಾಗದ ಹೆಸರನ್ನೂ ಅಳತೆಯನ್ನೂ ಹೇಳುತ್ತಾರೆ, ಆಕೆ ಬರೆದುಕೊಳ್ಳುತ್ತಾಳೆ. ನಮ್ಮ ನಿಘಂಟಿನಲ್ಲಿ ಕಾಣದ ನಾಲ್ಕು ಪದಗಳು ಈಗಾಗಲೇ ಆ ಪುಸ್ತಕದಲ್ಲಿ ಸೇರಿವೆ.