ಊರಿಗೆ ಹೊರಟ ಡೊಂಬಿವಲಿ, ಠಾಣೆ ಕನ್ನಡಿಗರಿಗೆ ಯಾವ ವಿಮಾನ ನಿಲ್ದಾಣ ಹತ್ತಿರ? ಇಲ್ಲಿದೆ ಲೆಕ್ಕ

ಮುಂಬೈ: ಠಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬೈನಲ್ಲಿ ನೆಲೆಸಿರುವ ಕನ್ನಡಿಗರು ವಿಮಾನದಲ್ಲಿ ಊರಿಗೆ ಹೋಗಬೇಕೆಂದರೆ ಈಗ ಎರಡು ನಿಲ್ದಾಣಗಳ ಆಯ್ಕೆಯಿದೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿ ಮುಂಬೈ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಅದೇ ವರ್ಷದ ಡಿಸೆಂಬರ್ 25ರಂದು ವಿಮಾನ ಸಂಚಾರ ಶುರುವಾಯಿತು. ಅಂದು ಮೊದಲು ಬಂದಿಳಿದದ್ದು ಬೆಂಗಳೂರಿನಿಂದ ಹೊರಟಿದ್ದ ಇಂಡಿಗೋ ವಿಮಾನ. ಇಂಡಿಗೋ ಆರಂಭದಲ್ಲಿ ಪ್ರಕಟಿಸಿದ 10 ನಗರಗಳ ಪಟ್ಟಿಯಲ್ಲಿ ಮಂಗಳೂರೂ ಇತ್ತು.

ಹಾಗಾದರೆ ಹೊಸ ನಿಲ್ದಾಣದಿಂದ ಸಮಯ ಉಳಿಯುತ್ತದೆಯೇ? ಉತ್ತರ ನಿಮ್ಮ ಮನೆ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಆಕಾಶದಲ್ಲಿ ಎಷ್ಟು ದೂರ?

ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣದಿಂದ ಬೆಂಗಳೂರಿಗೆ ನೇರ ದೂರ ಸುಮಾರು 830 ಕಿ.ಮೀ., ಮಂಗಳೂರಿಗೆ ಸುಮಾರು 710 ಕಿ.ಮೀ. ನವಿ ಮುಂಬೈನಿಂದ ಇದು ಸುಮಾರು 15ರಿಂದ 20 ಕಿ.ಮೀ. ಕಡಿಮೆ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರುವ ವಿಮಾನಕ್ಕೆ ಇದು ಒಂದೂವರೆ ನಿಮಿಷದ ಮಾತು.

ಬೆಂಗಳೂರಿಗೆ ವೇಳಾಪಟ್ಟಿಯಲ್ಲಿ ಸುಮಾರು ಒಂದೂಮುಕ್ಕಾಲು ಗಂಟೆ ತೋರಿಸಲಾಗುತ್ತದೆ. ರನ್‌ವೇವರೆಗೆ ಸಾಗುವುದು, ಸರದಿಗಾಗಿ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಇದರಲ್ಲಿ ಸೇರಿವೆ. ಮುಂಬೈನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುವುದರಿಂದ ಎರಡನ್ನೂ ಏಕಕಾಲಕ್ಕೆ ಬಳಸಲಾಗದು. ದಟ್ಟಣೆಯ ಹೊತ್ತಿನಲ್ಲಿ ಕಾಯಬೇಕಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಮನೆಯಿಂದ ನಿಲ್ದಾಣಕ್ಕೆ ಎಷ್ಟು ದೂರ?

ನೇರ ಅಂತರದ ಅಂದಾಜು ಹೀಗಿದೆ (ರಸ್ತೆಯಲ್ಲಿ ಇದಕ್ಕಿಂತ ಹೆಚ್ಚು):

* ಠಾಣೆ: ಮುಂಬೈ ನಿಲ್ದಾಣಕ್ಕೆ 15 ಕಿ.ಮೀ., ನವಿ ಮುಂಬೈಗೆ 24 ಕಿ.ಮೀ.
* ಡೊಂಬಿವಲಿ: ಮುಂಬೈಗೆ 27, ನವಿ ಮುಂಬೈಗೆ 25
* ಕಲ್ಯಾಣ್: ಮುಂಬೈಗೆ 32, ನವಿ ಮುಂಬೈಗೆ 28
* ವಾಶಿ: ಮುಂಬೈಗೆ 14, ನವಿ ಮುಂಬೈಗೆ 11

ಬೇಲಾಪುರ, ಖಾರ್ಘರ್, ಪನ್ವೇಲ್ ಭಾಗದವರಿಗೆ ಹೊಸ ನಿಲ್ದಾಣವೇ ಅನುಕೂಲ. ಠಾಣೆಯವರಿಗೆ ಹಳೆಯದೇ ಹತ್ತಿರ. ಡೊಂಬಿವಲಿ, ಕಲ್ಯಾಣ್‌ನವರಿಗೆ ದೂರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಲ್ಯಾಣ್-ಶಿಲ್ ರಸ್ತೆಯಲ್ಲಿ ವಾಹನ ದಟ್ಟಣೆ ಎಷ್ಟಿದೆ ಎಂಬುದೇ ಅಲ್ಲಿ ನಿರ್ಣಾಯಕ.

ಲೋಕಲ್ ರೈಲಿನಲ್ಲಿ ಹೋಗುವುದಾದರೆ?

ಡೊಂಬಿವಲಿ, ಕಲ್ಯಾಣ್, ಠಾಣೆಯಿಂದ ಲೋಕಲ್‌ನಲ್ಲಿ ಘಾಟ್ಕೋಪರ್‌ಗೆ ಬಂದು, ಮೆಟ್ರೋ 1ರಲ್ಲಿ ಮರೋಳ್ ನಾಕಾ ತಲುಪಿ, ಅಲ್ಲಿ ಮೆಟ್ರೋ 3 ಹಿಡಿದರೆ ಮುಂಬೈ ನಿಲ್ದಾಣದ ಟರ್ಮಿನಲ್ 2ರ ಬಳಿಗೆ ಹೋಗಬಹುದು. ನವಿ ಮುಂಬೈಗಾದರೆ ಠಾಣೆಯಲ್ಲಿ ಟ್ರಾನ್ಸ್ ಹಾರ್ಬರ್ ಲೋಕಲ್ ಹತ್ತಿ ನೆರೂಳ್ ಅಥವಾ ಬೇಲಾಪುರ ಕಡೆ ಇಳಿದು ಮುಂದೆ ಟ್ಯಾಕ್ಸಿ ಹಿಡಿಯಬಹುದು.

ನಸುಕಿನ ವಿಮಾನಕ್ಕೆ ಈ ಲೆಕ್ಕ ಬದಲಾಗುತ್ತದೆ. ಆ ಹೊತ್ತಿಗೆ ಮೆಟ್ರೋ ಇರುವುದಿಲ್ಲ, ಟ್ಯಾಕ್ಸಿಯೇ ಗತಿ.

ಟಿಕೆಟ್ ಬುಕ್ ಮಾಡುವ ಮುನ್ನ

'ಮುಂಬೈ' ಎಂದು ಹುಡುಕಿದಾಗ ಎರಡೂ ನಿಲ್ದಾಣಗಳ ವಿಮಾನಗಳು ಒಟ್ಟಿಗೇ ಕಾಣಿಸಬಹುದು. ಹಳೆಯ ನಿಲ್ದಾಣದ ಸಂಕೇತ ಬಿಒಎಂ, ಹೊಸದರದ್ದು ಎನ್‌ಎಂಐ. ಹೋಗುವ ಟಿಕೆಟ್ ಒಂದು ನಿಲ್ದಾಣದಿಂದ, ಬರುವ ಟಿಕೆಟ್ ಇನ್ನೊಂದಕ್ಕೆ ಇರುವ ಸಾಧ್ಯತೆಯೂ ಇದೆ. ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ತಪ್ಪು ನಿಲ್ದಾಣಕ್ಕೆ ಹೋದವರಿಗೆ ಅಷ್ಟರೊಳಗೆ ಇನ್ನೊಂದನ್ನು ತಲುಪುವುದು ಕಷ್ಟ. ಹಾಗಾಗಿ ದರ ನೋಡುವ ಮೊದಲು ಸಂಕೇತ ನೋಡಿ, ಟ್ಯಾಕ್ಸಿ ಬಾಡಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ.