ದುಬೈಗೆ ಹೊರಟಿದ್ದೀರಾ? ಟಿಕೆಟಿಗಿಂತ ಮೊದಲು ಕಾಗದ ಓದಿ

ಕಾಸರಗೋಡು: ಮಂಜೇಶ್ವರದಿಂದ ಹೊಸದುರ್ಗದ ತನಕ, ಗಲ್ಫಿಗೆ ಯಾರೂ ಹೋಗದ ಊರು ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅದರಲ್ಲೂ ದುಬೈ ನಮ್ಮವರಿಗೆ ಪರದೇಶ ಎನ್ನಿಸುವುದೇ ಇಲ್ಲ. 2006ರಲ್ಲಿ ಮಂಗಳೂರಿನಿಂದ ನೇರ ವಿಮಾನ ಶುರುವಾಯಿತು. 2018ರಲ್ಲಿ ಕಣ್ಣೂರಿನಲ್ಲೂ ವಿಮಾನ ನಿಲ್ದಾಣ ತೆರೆಯಿತು. ಬೆಳಿಗ್ಗೆ ಮನೆಯಲ್ಲಿ ತಿಂಡಿ ತಿಂದು ಹೊರಟವರು ರಾತ್ರಿಯ ಊಟಕ್ಕೆ ದೇರಾದಲ್ಲಿರಬಹುದು.

ಹೋಗುವುದು ಸುಲಭವಾಗಿದೆ. ಅಲ್ಲಿ ನೆಲೆ ನಿಲ್ಲುವುದು ಅಷ್ಟು ಸುಲಭವಲ್ಲ. ಹೆಂಡತಿಯ ಚಿನ್ನ ಅಡವಿಟ್ಟು, ಅಡಿಕೆ ತೋಟದ ಮೇಲೆ ಸಾಲ ಎತ್ತಿ ಹೋದವರಲ್ಲಿ ಕೆಲವರು ಮನೆ ಕಟ್ಟಿದ್ದಾರೆ, ಕೆಲವರು ಬರಿಗೈಯಲ್ಲಿ ಹಿಂತಿರುಗಿ ಸಾಲ ಮಾತ್ರ ಕಟ್ಟುತ್ತಿದ್ದಾರೆ. ಇದಕ್ಕೆಲ್ಲ ಅದೃಷ್ಟ ಎಂದು ಹೆಸರಿಡುವುದುಂಟು. ಆದರೆ ಬಹಳಷ್ಟು ಸಲ ವಿಷಯ ಇರುವುದು ಅವರು ಸಹಿ ಹಾಕಿದ, ಅಥವಾ ಹಾಕದೇ ಹೋದ, ಕಾಗದದಲ್ಲಿ.

ವಿಸಿಟ್ ವೀಸಾ ಕೆಲಸದ ವೀಸಾ ಅಲ್ಲ

"ಮೊದಲು ವಿಸಿಟ್‌ನಲ್ಲಿ ಬಾ, ಕೆಲಸ ಆಮೇಲೆ ನೋಡುವ" ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರು ಇದ್ದಾರೆ, ಸಿಕ್ಕಿದವರೂ ಇದ್ದಾರೆ. ಆದರೆ ಆ ವೀಸಾದಲ್ಲಿ ಇರುವಾಗ ಕೆಲಸ ಮಾಡುವುದು ಯುಎಇಯಲ್ಲಿ ಅಪರಾಧ. ಪರವಾನಗಿ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ 2024ರ ತಿದ್ದುಪಡಿಯಂತೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ವರೆಗೆ ದಂಡವಿದೆ. ಹೀಗಿರುವಾಗ ಒಂದೆರಡು ತಿಂಗಳು ದುಡಿಸಿ ಸಂಬಳ ಕೊಡದೆ ಕಳಿಸಿದರೆ ದೂರು ಕೊಡಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ ಬೇರೆ.

ಸರಿಯಾದ ದಾರಿಯಲ್ಲಿ ಮೊದಲು ಬರುವುದು ಆಫರ್ ಲೆಟರ್. ನೀವು ಅದಕ್ಕೆ ಸಹಿ ಹಾಕಿದ ಮೇಲೆ ಕೆಲಸದ ಪರವಾನಗಿ ಮತ್ತು ಪ್ರವೇಶ ಪತ್ರ ಬರುತ್ತದೆ. ಅಲ್ಲಿ ಇಳಿದ ನಂತರ ವೈದ್ಯಕೀಯ ತಪಾಸಣೆ, ಬೆರಳಚ್ಚು, ಎಮಿರೇಟ್ಸ್ ಐಡಿ. 2022ರಿಂದ ಪಾಸ್‌ಪೋರ್ಟಿನಲ್ಲಿ ವೀಸಾ ಚೀಟಿ ಅಂಟಿಸುವುದಿಲ್ಲ. ಆ ಐಡಿ ಕಾರ್ಡೇ ನಿಮ್ಮ ವಾಸದ ದಾಖಲೆ.

ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ ಇರುತ್ತದೆ. ಹಿಂದೆ ಕ್ಷಯ ಬಂದು ವಾಸಿಯಾದವರು ಹಣ ಖರ್ಚು ಮಾಡುವ ಮೊದಲೇ ಊರಿನಲ್ಲಿ ಒಂದು ಎಕ್ಸ್‌ರೇ ತೆಗೆಸಿ ಡಾಕ್ಟರಲ್ಲಿ ಕೇಳುವುದು ಒಳ್ಳೆಯದು.

ಮಾತು ಬರುತ್ತದೆ, ಲಿಪಿ ಬರುವುದಿಲ್ಲ

ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಯುಎಇಯ ಕಾರ್ಮಿಕ ಸಚಿವಾಲಯ ಆಫರ್ ಲೆಟರನ್ನು ಅರಬಿ, ಇಂಗ್ಲಿಷ್ ಅಲ್ಲದೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಕೊಡುವ ಕ್ರಮವನ್ನು 2016ರಲ್ಲಿ ತಂದಿತು. ಆ ಭಾಷೆಗಳಲ್ಲಿ ಹಿಂದಿ, ಮಲಯಾಳ, ತಮಿಳು, ಉರ್ದು ಇದ್ದವು. ಕನ್ನಡ ಇರಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರು ಮಲಯಾಳ ಸರಾಗವಾಗಿ ಮಾತಾಡುತ್ತಾರೆ, ಓದಲು ಹೇಳಿದರೆ ತಡವರಿಸುತ್ತಾರೆ. ಕೇರಳದವರು ಎಂದು ಮಲಯಾಳದ ಪ್ರತಿ ಮುಂದಿಟ್ಟಾಗ ನಾಚಿಕೆಯಿಂದ ಸುಮ್ಮನೆ ಸಹಿ ಹಾಕಬೇಡಿ. ಓದಲು ಬರುವ ಒಬ್ಬರನ್ನು ಹತ್ತಿರ ಕೂರಿಸಿ ಗಟ್ಟಿಯಾಗಿ ಓದಿಸಿ. ಕೇಳಿದರೆ ನಿಮಗೆ ಪೂರ್ತಿ ಅರ್ಥವಾಗುತ್ತದೆ. ಒಂದು ಪ್ರತಿ ಮನೆಯಲ್ಲಿ, ಒಂದರ ಫೋಟೊ ನಿಮ್ಮ ಫೋನಿನಲ್ಲಿ ಇರಲಿ.

ಓದಿಸುವಾಗ ನೋಡಬೇಕಾದದ್ದು: ಹುದ್ದೆ, ಮೂಲ ವೇತನ, ಭತ್ಯೆ, ವಸತಿ ಯಾರದ್ದು, ಒಪ್ಪಂದದ ಅವಧಿ. ಅಲ್ಲಿ ಹೋದ ಮೇಲೆ ಸಹಿ ಹಾಕುವ ಒಪ್ಪಂದ ಇದಕ್ಕಿಂತ ಕೆಳಗಿರಬಾರದು.

ಮೂಲ ವೇತನದ ಲೆಕ್ಕ

"ಒಟ್ಟು ಎಷ್ಟು?" ಎಂದು ಕೇಳುವವರೇ ಹೆಚ್ಚು. ಮೂಲ ವೇತನ ಕೇಳುವವರು ಕಡಿಮೆ. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿ ಮೂಲ ವೇತನದ ಮೇಲೆ ನಿಂತಿದೆ. ಕನಿಷ್ಠ ಒಂದು ವರ್ಷ ದುಡಿದಿದ್ದರೆ, ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಅದರ ನಂತರ ವರ್ಷಕ್ಕೆ 30 ದಿನದ್ದು.

ಇಬ್ಬರಿಗೂ ಒಟ್ಟು 2,000 ದಿರ್ಹಮ್ ಸಂಬಳ ಎಂದಿಟ್ಟುಕೊಳ್ಳಿ. ಒಬ್ಬನ ಮೂಲ ವೇತನ 1,200. ಅವನಿಗೆ ವರ್ಷಕ್ಕೆ 840 ದಿರ್ಹಮ್, 5 ವರ್ಷಕ್ಕೆ 4,200. ಇನ್ನೊಬ್ಬನದ್ದು 600 ಮಾತ್ರ, ಉಳಿದದ್ದು ಭತ್ಯೆ. ಅವನಿಗೆ ಅದೇ 5 ವರ್ಷಕ್ಕೆ 2,100. ಒಂದೇ ಕೋಣೆಯಲ್ಲಿ ಮಲಗಿ ಒಂದೇ ಕೆಲಸ ಮಾಡಿದ ಇಬ್ಬರ ನಡುವೆ ಇಷ್ಟು ವ್ಯತ್ಯಾಸ.

2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನಿನಂತೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ವರ್ಷ ತುಂಬಿದವರಿಗೆ ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ. ಪ್ರೊಬೇಷನ್ 6 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಲೀಕ ನಿಮ್ಮ ಪಾಸ್‌ಪೋರ್ಟನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಮನೆಕೆಲಸ, ಡ್ರೈವರ್ ಕೆಲಸಕ್ಕೆ ಮನೆಗಳಿಗೆ ಹೋಗುವವರಿಗೆ 2022ರ ಬೇರೆ ಕಾನೂನಿದೆ. ಮೇಲಿನ ಲೆಕ್ಕ ಅವರಿಗೆ ಹೊಂದುವುದಿಲ್ಲ.

ಏಜೆಂಟರಿಗೆ ಎಷ್ಟು?

ನಮ್ಮ ನಿಯಮದಂತೆ ನೋಂದಾಯಿತ ಏಜೆಂಟರು ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಯುಎಇ ಕಾನೂನಿನಂತೆ ವೀಸಾ ಮತ್ತು ನೇಮಕಾತಿಯ ಖರ್ಚು ಮಾಲೀಕನದ್ದು. ಲಕ್ಷಗಟ್ಟಲೆ ಕೇಳುವವರು ಯಾವ ಲೆಕ್ಕದಲ್ಲಿ ಕೇಳುತ್ತಾರೆ ಎಂದು ವಿಚಾರಿಸಿ. ಏಜೆಂಟರ ನೋಂದಣಿ ಇದೆಯೇ ಎಂದು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂದಿರುತ್ತದೆ. ಅವರು ಕೆಲಸಕ್ಕೆ ಹೋಗುವಾಗ ಇ-ಮೈಗ್ರೇಟ್ ಮೂಲಕ ಅನುಮತಿ ಪಡೆಯಬೇಕು. ಅದರ ಜೊತೆಗೆ ಬರುವ ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, 10 ಲಕ್ಷದ ಅಪಘಾತ ವಿಮೆ. ವಿಸಿಟ್‌ನಲ್ಲಿ ಹೋಗಿ ಅಲ್ಲಿಯೇ ಕೆಲಸದ ವೀಸಾ ಮಾಡಿಸಿಕೊಂಡವರು ಈ ವಿಮೆಯನ್ನು ಮರೆತೇ ಬಿಡುತ್ತಾರೆ.

ಗಂಟು ಕಟ್ಟುವಾಗ

ಅಮ್ಮ ಪ್ರೀತಿಯಿಂದ ಕಟ್ಟಿಕೊಡುವ ಮಸಾಲೆಯಲ್ಲಿ ಗಸಗಸೆ ಇರಬಾರದು. ಯುಎಇಯಲ್ಲಿ ಅದು ನಿಷಿದ್ಧ ವಸ್ತು, ಜೈಲಿಗೆ ಹೋಗುವ ಪ್ರಸಂಗವೂ ಬರಬಹುದು. ವೀಳ್ಯದೆಲೆ, ಪಾನ್ ಸಾಮಗ್ರಿಗೂ ಅಲ್ಲಿನ ಕಸ್ಟಮ್ಸ್ ನಿಷೇಧವಿದೆ. ಎಲೆಯಡಿಕೆ ಹಾಕುವವರು ಅಭ್ಯಾಸವನ್ನು ಊರಿನಲ್ಲೇ ಬಿಟ್ಟು ಹೋಗುವುದು ಕ್ಷೇಮ. ನೋವಿನ ಮಾತ್ರೆ, ನಿದ್ದೆ ಮಾತ್ರೆ, ಕೆಮ್ಮಿನ ಔಷಧಿಗಳಲ್ಲಿ ಕೆಲವಕ್ಕೆ ಮುಂಚಿತ ಅನುಮತಿ ಬೇಕು. ಡಾಕ್ಟರ ಚೀಟಿ ಇಲ್ಲದೆ ಯಾವ ಔಷಧವೂ ಬೇಡ. ಇನ್ನೊಬ್ಬರ ಪೊಟ್ಟಣ, ನೆಂಟರದ್ದಾದರೂ, ಬಿಚ್ಚಿ ನೋಡದೆ ಒಯ್ಯಬೇಡಿ.

ಮಲಗುವ ಜಾಗ, ತಿರುಗಾಟ

ದೊಡ್ಡ ಕಂಪೆನಿಗಳು ಕಡಿಮೆ ಸಂಬಳದವರಿಗೆ ವಸತಿ ಕೊಡುತ್ತವೆ. ಇಲ್ಲದವರು ದೇರಾ, ಬರ್ ದುಬೈ, ಕರಾಮ ಕಡೆ ಬೆಡ್ ಸ್ಪೇಸ್ ಹಿಡಿಯುತ್ತಾರೆ. ಬಾಡಿಗೆ ಕಮ್ಮಿ ಎಂದು ಶಾರ್ಜಾದಲ್ಲಿದ್ದು ದಿನಾ ಟ್ರಾಫಿಕ್‌ನಲ್ಲಿ ಕೂರುವವರೂ ಬಹಳ. ಮನೆಯ ಬಾಡಿಗೆ ಕರಾರು ಇಜಾರಿ ಎಂಬ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. ಮಿತಿ ಮೀರಿ ಜನ ತುಂಬಿಸಿದ ಕೋಣೆಗಳಿಗೆ ಅಧಿಕಾರಿಗಳು ಬಂದರೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಮೆಟ್ರೊ, ಬಸ್ಸಿಗೆ ನೋಲ್ ಕಾರ್ಡ್ ಒಂದೇ ಸಾಕು. ಮೆಟ್ರೊದಲ್ಲಿ ತಿನ್ನುವುದು, ಕುಡಿಯುವುದಕ್ಕೆ ದಂಡವಿದೆ. ಕಂಡಲ್ಲಿ ರಸ್ತೆ ದಾಟುವುದಕ್ಕೂ ಇದೆ. ವಾಟ್ಸಾಪ್‌ನಲ್ಲಿ ಬೈದರೆ, ಅನುಮತಿ ಇಲ್ಲದೆ ಇನ್ನೊಬ್ಬರ ಫೋಟೊ ಹಾಕಿದರೆ ಅದು ಪೊಲೀಸ್ ಕೇಸು.

ಭಾಷೆಯ ಮಟ್ಟಿಗೆ ನಮ್ಮವರು ಪುಣ್ಯವಂತರು. ಮಲಯಾಳ, ತುಳು, ಕನ್ನಡ, ಬ್ಯಾರಿ ಎಲ್ಲದಕ್ಕೂ ಅಲ್ಲಿ ಜೊತೆ ಸಿಗುತ್ತದೆ. ಅಂಗಡಿ, ಟ್ಯಾಕ್ಸಿಯಲ್ಲಿ ಹಿಂದಿ-ಉರ್ದು ನಡೆಯುತ್ತದೆ. ಮಕ್ಕಳಿಗೆ ಕನ್ನಡ ಕಲಿಸುವ ತರಗತಿಗಳೂ ದುಬೈಯಲ್ಲಿ ನಡೆಯುತ್ತಿವೆ. ಸಂಸಾರ ಕರೆಸಿಕೊಳ್ಳಲು 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಮತ್ತು ವಸತಿ ಬೇಕೆಂಬ ನಿಯಮ 2019ರಲ್ಲಿ ಬಂತು.

ಊರಿನ ಲೆಕ್ಕವೂ ಇರಲಿ

ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಬಹುದು, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಕೇರಳದ ಪ್ರವಾಸಿ ಕ್ಷೇಮನಿಧಿ ಮಂಡಳಿಗೆ 60 ವರ್ಷದೊಳಗೆ ಸೇರಿ ಕನಿಷ್ಠ 5 ವರ್ಷ ವಂತಿಗೆ ಕಟ್ಟಿದವರಿಗೆ 60ರ ನಂತರ ಪಿಂಚಣಿ ಇದೆ. ಕೇರಳದ ಗಡಿಯೊಳಗಿರುವ ಕನ್ನಡಿಗರಿಗೂ ಇದು ಸಲ್ಲುತ್ತದೆ. ನೋರ್ಕಾದ ಗುರುತಿನ ಚೀಟಿಯೂ ಹಾಗೆಯೇ.

ತೊಂದರೆಯಾದರೆ ಯುಎಇಯಲ್ಲಿ ಭಾರತ ಸರಕಾರದ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ದೂರವಾಣಿ 800 46342. ಪೊಲೀಸರಿಗೆ 999. ಈ ಎರಡು ಸಂಖ್ಯೆಗಳನ್ನು ಫೋನಿನಲ್ಲಿ ಮಾತ್ರವಲ್ಲ, ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಅದೇ ಚೀಟಿಯ ಇನ್ನೊಂದು ಪ್ರತಿ ಮನೆಯವರ ಹತ್ತಿರ ಇರಲಿ, ಜೊತೆಗೆ ನಿಮ್ಮ ಕಂಪೆನಿಯ ಪೂರ್ತಿ ಹೆಸರು, ನೀವಿರುವ ಕಟ್ಟಡದ ಹೆಸರು ಕೂಡಾ.